ಮೊದಲೇ ಬರೆದಿಟ್ಟ ಸಾಲು: ನಿಕ್ ಕೇವ್ ಎಂಬ ಪ್ರಕರಣ

2016ರ ಸೆಪ್ಟೆಂಬರ್ 9ರಂದು ಆಸ್ಟ್ರೇಲಿಯಾದ ರಾಕ್ ಹಾಡುಗಾರ ನಿಕ್ ಕೇವ್ ಮತ್ತು ಆತನ ಬ್ಯಾಡ್ ಸೀಡ್ಸ್ ತಂಡದ ‘ಸ್ಕೆಲಿಟನ್ ಟ್ರೀ’ ಆಲ್ಬಂ ಹೊರಬಂತು. ಎಂಟೇ ಹಾಡು, ನಲವತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಮೊದಲ ಹಾಡು ಬಾಯಿ ಬಿಡುವುದೇ ಯಾರೋ ಆಕಾಶದಿಂದ ಬಿದ್ದು ಅಡುರ್ ನದಿಯ ಹತ್ತಿರದ ಹೊಲಕ್ಕೆ ಅಪ್ಪಳಿಸಿದ ಸುದ್ದಿಯಿಂದ. ಅಡುರ್ ಹರಿಯುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಕೇವ್ ಕುಟುಂಬ ಆಗ ವಾಸವಿದ್ದ ಬ್ರೈಟನ್ನಿನ ಸಮೀಪ. ಆಲ್ಬಂ ಬರುವ ಹದಿನಾಲ್ಕು ತಿಂಗಳ ಹಿಂದೆ, 2015ರ ಜುಲೈ 14ರಂದು, ಅದೇ ಬ್ರೈಟನ್ನಿನ ಪಕ್ಕದ ಓವಿಂಗ್‌ಡೀನ್‌ನಲ್ಲಿ ಕಡಲಂಚಿನ ಕಡಿದಾದ ಬಂಡೆಯಿಂದ ಬಿದ್ದು ಆತನ ಮಗ ಆರ್ಥರ್ ತೀರಿಕೊಂಡಿದ್ದ. ಅವಳಿಗಳಲ್ಲಿ ಒಬ್ಬ, ವಯಸ್ಸು 15.

ಇಷ್ಟು ತಿಳಿದವರಿಗೆ ಆ ಹಾಡಿನ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕೇ? ಅಪ್ಪ ಮಗನ ಸಾವನ್ನು ಹಾಡಿದ್ದಾನೆ, ಅಷ್ಟೇ. ನಾನೂ ಹಾಗೆಂದುಕೊಂಡೇ ವರ್ಷಗಟ್ಟಲೆ ಕೇಳಿದೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕೇಳುತ್ತ ಬೆಳೆದವರು ನಾವು. ಮಗುವಿನ ಸಾವು, ಎದುರಿಗೆ ಹೆಂಡತಿಯ ಕಣ್ಣು, ಅದರಿಂದ ಹುಟ್ಟಿದ ಹಾಡು. ಶೋಕದಿಂದ ನೇರ ಶ್ಲೋಕಕ್ಕೆ ಬರುವ ಈ ದಾರಿ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಬೇರೆ ದಾರಿ ಇರಬಹುದು ಎಂದು ಹೊಳೆಯುವುದೇ ಇಲ್ಲ.

ಆದರೆ ತಾರೀಖು ಅಡ್ಡ ಬರುತ್ತದೆ. ‘ಸ್ಕೆಲಿಟನ್ ಟ್ರೀ’ಯ ಧ್ವನಿಮುದ್ರಣ ಶುರುವಾದದ್ದು 2014ರ ಕೊನೆಯಲ್ಲಿ. ಹುಡುಗ ತೀರಿಕೊಳ್ಳುವ ಹೊತ್ತಿಗೆ ಹೆಚ್ಚಿನ ಹಾಡುಗಳು ಬರೆದಾಗಿದ್ದವು, ಆಕಾಶದಿಂದ ಬೀಳುವ ಆ ಸಾಲು ಸಹ. ಅಂದರೆ ಅಪ್ಪ ಸಾಲು ಬರೆದಿಟ್ಟ, ಆಮೇಲೆ ಮಗ ಬಿದ್ದ. ನಾನಿಲ್ಲಿ ಪ್ರಕರಣ ಎನ್ನುತ್ತಿರುವುದು ಇದನ್ನೇ. ಮೂವತ್ತೈದು ವರ್ಷ ಸಾವನ್ನು ಕಸುಬಿನಂತೆ ಬರೆದ ಹಾಡುಗಾರನ ಕೈಯಲ್ಲಿ ಆಲ್ಬಂ ಅರ್ಧ ಮುಗಿದಿರುವಾಗ ಸಾವು ಮನೆಯೊಳಕ್ಕೇ ಬಂದರೆ ಆ ಕಸುಬಿನ ಗತಿ ಏನು?

ಕತ್ತಲೆಯ ಕಸುಬು

ಕೇವ್ ಹುಟ್ಟಿದ್ದು 1957ರಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾರಕ್ನಬೀಲ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ವಾಂಗರಟ್ಟಾದಲ್ಲಿ. ಅಪ್ಪ ಇಂಗ್ಲಿಷ್ ಮೇಷ್ಟ್ರು, ಅಮ್ಮ ಶಾಲೆಯ ಗ್ರಂಥಪಾಲಕಿ. ಹುಡುಗ ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಿದ್ದ. ಬೈಬಲ್ಲಿನ ಭಾಷೆ ಅಲ್ಲಿ ನಾಲಿಗೆಗೆ ಹತ್ತಿದ್ದು ಇವತ್ತಿಗೂ ಬಿಟ್ಟಿಲ್ಲ. ಎಳೆಯ ಪ್ರಾಯದಲ್ಲೇ ಅಪ್ಪ ಕಾರು ಅಪಘಾತದಲ್ಲಿ ಹೋದ. ಆ ಸುದ್ದಿ ಮಗನಿಗೆ ಮುಟ್ಟಿದ್ದು ಮೆಲ್ಬರ್ನಿನ ಸೇಂಟ್ ಕಿಲ್ಡಾ ಪೊಲೀಸ್ ಠಾಣೆಯಲ್ಲಿ. ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದ ಮಗನನ್ನು ಜಾಮೀನಿನ ಮೇಲೆ ಬಿಡಿಸಿಕೊಳ್ಳಲು ಅಮ್ಮ ಬಂದಿದ್ದಾಗ. ಅಪ್ಪನ ಸಾವು ತನ್ನೊಳಗೆ ಒಂದು ಖಾಲಿ ಜಾಗ ಮಾಡಿತು, ತನ್ನ ಮಾತುಗಳೆಲ್ಲ ಅಲ್ಲಿ ಬಂದು ಸೇರತೊಡಗಿದವು ಎಂದು ಆತ 1998ರಲ್ಲಿ ವಿಯೆನ್ನಾದಲ್ಲಿ ಪ್ರೇಮಗೀತೆಯ ಬಗ್ಗೆ ಮಾಡಿದ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾನೆ.

ಆ ಖಾಲಿ ಜಾಗಕ್ಕೆ ಆತ ತುಂಬಿದ್ದೇನು ಎಂಬುದನ್ನು ಗಮನಿಸಬೇಕು. ಅಪ್ಪನನ್ನಲ್ಲ. ಕೊಲೆಗಾರರು, ಹುಚ್ಚು ಪ್ರವಾದಿಗಳು, ಗಲ್ಲಿಗೇರುವವರು, ಪ್ರವಾಹದಲ್ಲಿ ಕೊಚ್ಚಿಹೋಗುವ ಊರುಗಳು, ಹೀಗೆ ಕಂಡವರನ್ನೆಲ್ಲ ತುಂಬಿದ. ಶಾಲೆಯ ಗೆಳೆಯ ಮಿಕ್ ಹಾರ್ವಿ ಮೊದಲಾದವರ ಜೊತೆ ಕಟ್ಟಿದ ತಂಡ 1980ರಲ್ಲಿ ಲಂಡನ್ನಿಗೆ ಹೋಗಿ ‘ದ ಬರ್ತ್‌ಡೇ ಪಾರ್ಟಿ’ ಎಂದು ಹೆಸರು ಬದಲಿಸಿಕೊಂಡಿತು, ಅಲ್ಲಿಂದ ಬರ್ಲಿನ್ನಿಗೆ ಹಾರಿತು, 1983ರಲ್ಲಿ ಒಡೆಯಿತು. ಗದ್ದಲ, ಹೆರಾಯಿನ್, ವೇದಿಕೆಯ ಮೇಲೆ ಹೊಡೆದಾಟ. ಈ ಭಾಗವನ್ನು ಎಲ್ಲರೂ ಚಪ್ಪರಿಸಿಕೊಂಡು ಬರೆಯುತ್ತಾರೆ, ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಬ್ಯಾಡ್ ಸೀಡ್ಸ್ ಶುರುವಾದ ಮೇಲಿನದು ನಿಜವಾದ ಕಥೆ. ಹಾರ್ವಿ ಜೊತೆಗೇ ಬಂದ, ಬರ್ಲಿನ್ನಿನಲ್ಲಿ ಕಬ್ಬಿಣದ ತಗಡು ಬಡಿದು ಸಂಗೀತ ಮಾಡುತ್ತಿದ್ದ ಬ್ಲಿಕ್ಸಾ ಬಾರ್ಗೆಲ್ಡ್ ಗಿಟಾರ್ ಹಿಡಿದ. 1984ರಲ್ಲಿ ಮೊದಲ ಆಲ್ಬಂ.

1988ರ ‘ದ ಮರ್ಸಿ ಸೀಟ್’ ಹಾಡನ್ನೇ ನೋಡಿ. ವಿದ್ಯುತ್ ಕುರ್ಚಿಗೆ ಹೋಗಲಿರುವ ಕೈದಿಯೊಬ್ಬ ನನಗೆ ಸಾವಿನ ಭಯವಿಲ್ಲ, ನಾನು ನಿರಪರಾಧಿ ಎಂದು ಒಂದೇ ಪಲ್ಲವಿಯನ್ನು ಮತ್ತೆ ಮತ್ತೆ ಹೇಳುತ್ತಾನೆ. ಸುತ್ತು ಹೆಚ್ಚಿದಂತೆ ಪಲ್ಲವಿಯ ಒಂದೊಂದು ಪದ ಮಾತ್ರ ಬದಲಾಗುತ್ತ ಹೋಗಿ ಕೊನೆಯ ಸುತ್ತಿನಲ್ಲಿ ಇವನು ಇಷ್ಟು ಹೊತ್ತೂ ಸುಳ್ಳು ಹೇಳಿರಬಹುದು ಎಂಬ ಅನುಮಾನ ಹುಟ್ಟುತ್ತದೆ. ಗಡಿಯಾರ ರಿಪೇರಿ ಮಾಡುವವನ ಕೈಚಳಕ ಇದು. ಹೃದಯ ತೋಡಿಕೊಳ್ಳುವವರು ಹೀಗೆ ಬರೆಯುವುದಿಲ್ಲ. 2000ದಲ್ಲಿ ಅಮೆರಿಕದ ಹಿರಿಯ ಹಾಡುಗಾರ ಜಾನಿ ಕ್ಯಾಶ್ ಇದನ್ನು ಮುದಿ ದನಿಯಲ್ಲಿ ಹಾಡಿದಾಗಲೂ ಹಾಡು ಸಡಿಲವಾಗಲಿಲ್ಲ. ಕಟ್ಟಡ ಗಟ್ಟಿಯಿದ್ದರೆ ಯಾರು ವಾಸಕ್ಕೆ ಬಂದರೂ ನಿಲ್ಲುತ್ತದೆ.

1996ರ ‘ಮರ್ಡರ್ ಬ್ಯಾಲಡ್ಸ್’ ಈ ಕಸುಬಿನ ತುದಿ. ಹೆಸರೇ ಹೇಳುವಂತೆ ಕೊಲೆಯ ಕಥನಗೀತೆಗಳು. ಅದರಲ್ಲಿ ಪಾಪ್ ತಾರೆ ಕೈಲಿ ಮಿನೋಗ್ ಜೊತೆಗಿನ ಯುಗಳಗೀತೆ ಆತನಿಗೆ ಹಿಂದೆಂದೂ ಕಾಣದ ಜನಪ್ರಿಯತೆ ತಂದಿತು. ಎಂಟಿವಿ ಅತ್ಯುತ್ತಮ ಗಾಯಕ ಪ್ರಶಸ್ತಿಗೆ ಹೆಸರಿಸಿದರೆ, ನನ್ನ ಕಾವ್ಯದೇವತೆ ಪಂದ್ಯದ ಕುದುರೆಯಲ್ಲ ಎಂದು ವಿನಯದಿಂದಲೇ ಪತ್ರ ಬರೆದು ಹಿಂದೆ ಸರಿದ. ಇಷ್ಟೊಂದು ಹೆಣ ಬೀಳಿಸುವವನ ತಲೆಯಲ್ಲಿ ಏನಿದೆ ಎಂದು ಆಗ ಕೇಳಿದವರುಂಟು. ನಮ್ಮಲ್ಲಿ ‘ಕೆರೆಗೆ ಹಾರ’ ಹಾಡುವ ಹೆಂಗಸರನ್ನು ‘ನಿಮ್ಮ ಮನೆಯಿಂದ ಯಾರನ್ನು ಕೆರೆಗೆ ಕೊಟ್ಟಿರಿ?’ ಎಂದು ಯಾರೂ ಕೇಳುವುದಿಲ್ಲ. ಕಥನಗೀತೆಯ ಕತ್ತಲೆ ಹಾಡುವವರ ಸ್ವಂತದ್ದಲ್ಲ, ಅದು ಊರಿನ ಆಸ್ತಿ.

ಆತ ದುಡಿಯುತ್ತಿದ್ದ ರೀತಿಯೂ ಇದಕ್ಕೆ ತಕ್ಕಂತೆಯೇ ಇತ್ತು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಹೆರಾಯಿನ್ ಚಟ ಬಿಟ್ಟ ಮೇಲೆ ಬ್ರೈಟನ್–ಹೋವ್ ಕಡೆ ನೆಲೆಸಿದವನು ಬೆಳಿಗ್ಗೆ ಸೂಟು ತೊಟ್ಟು, ಪಿಯಾನೋ ಮತ್ತು ಟೈಪ್‌ರೈಟರ್ ಇಟ್ಟ ಕಚೇರಿಗೆ ಗುಮಾಸ್ತನಂತೆ ಹೋಗಿ ಕೂತು ಹಾಡು ಬರೆಯುತ್ತಿದ್ದ. ಸ್ಫೂರ್ತಿಗೆ ಕಾದು ಕೂರುವ ಜಾತಿಯಲ್ಲ. ಇಂಗ್ಲೆಂಡಿನ ಮಳೆ–ಮೋಡದಿಂದ ಬೇಸತ್ತಾಗ ಹವಾಮಾನದ ದಿನಚರಿ ಬರೆಯಲು ಕೂತ, ಬರೆಯತೊಡಗಿದ ಮೇಲೆ ಕೆಟ್ಟ ಹವೆಯೇ ಹೆಚ್ಚು ಸ್ವಾರಸ್ಯವಾಗಿ ಕಂಡಿತಂತೆ. ಈ ವಿವರ ನನಗೆ ತುಂಬ ಇಷ್ಟ. ಕತ್ತಲೆ ಆತನಿಗೆ ಕಚ್ಚಾಮಾಲು, ಒಳ್ಳೆಯ ಹಾಡಿಗೆ ಅದು ಬೇಕಿತ್ತು.

ಒಂದು ಅಪವಾದವನ್ನು ಬಚ್ಚಿಡಬಾರದು. 1997ರ ‘ದ ಬೋಟ್‌ಮನ್ಸ್ ಕಾಲ್’ ಆಲ್ಬಂನಲ್ಲಿ ಪಾತ್ರಗಳಿಲ್ಲ. ಬಹುಮಟ್ಟಿಗೆ ಪಿಯಾನೋ, ಮುರಿದ ಪ್ರೀತಿ ಮತ್ತು ನೇರ ಮಾತು. ಅದರ ‘ಇಂಟು ಮೈ ಆರ್ಮ್ಸ್’ ಹಾಡನ್ನು ಗೆಳೆಯ, ರಾಕ್ ಗಾಯಕ ಮೈಕಲ್ ಹಚೆನ್ಸ್‌ನ ಅಂತ್ಯಕ್ರಿಯೆಯಲ್ಲಿ ಹಾಡಿದ, ಹಾಡುವಷ್ಟು ಹೊತ್ತು ಟಿವಿ ಕ್ಯಾಮೆರಾ ಬಂದ್ ಮಾಡಿಸಿ. ಜನ ಇವತ್ತಿಗೂ ಎದೆಗೊತ್ತಿಕೊಳ್ಳುವ ಆಲ್ಬಂ ಅದು. ಆದರೆ ಮಾಮೂಲಿ ವಿರಹವನ್ನು ದೊಡ್ಡ ನಾಟಕ ಮಾಡಿದೆನಲ್ಲ ಎಂದು ಆತನೇ ಆಮೇಲೆ ಮುಜುಗರಪಟ್ಟುಕೊಂಡ. ತನ್ನ ನೋವನ್ನು ನೇರವಾಗಿ ಮುಂದಿಡುವುದು ಆತನ ಮಟ್ಟಿಗೆ ಕಸುಬುಗೇಡಿತನವಾಗಿತ್ತು.

2015ರ ಜುಲೈ, ಆಮೇಲೆ

ಮಗ ಹೋದ ಕೆಲವೇ ತಿಂಗಳಲ್ಲಿ, ಶರತ್ಕಾಲದ ಹೊತ್ತಿಗೆ, ಆತ ಪ್ಯಾರಿಸ್ ಹತ್ತಿರದ ಲಾ ಫ್ರೆಟ್ ಸ್ಟುಡಿಯೋದಲ್ಲಿದ್ದ. ಹಾಡುಗಳು ಅರ್ಧಕ್ಕೆ ನಿಂತಿದ್ದವು, ಮುಗಿಸಬೇಕಿತ್ತು. ಜೊತೆಗೆ ವಾರನ್ ಎಲ್ಲಿಸ್. ಬಲ್ಲಾರಟ್ ಊರಿನ ಈ ಗಡ್ಡದ ಪಿಟೀಲುಗಾರ ತೊಂಬತ್ತರ ದಶಕದಲ್ಲಿ ತಂಡಕ್ಕೆ ಬಂದು, 2003ರಲ್ಲಿ ಬ್ಲಿಕ್ಸಾ, 2009ರಲ್ಲಿ ಹಾರ್ವಿ ಬಿಟ್ಟುಹೋದ ಮೇಲೆ ಕೇವ್‌ನ ಬಲಗೈಯಾದವನು.

ಆಲ್ಬಂ ಬಿಡುಗಡೆಯೆಂದರೆ ಸಂದರ್ಶನ. ಸಂದರ್ಶನವೆಂದರೆ ಪ್ರತಿ ಪತ್ರಕರ್ತನ ಎದುರೂ ಕೂತು ಅದೇ ಪ್ರಶ್ನೆಗೆ ಉತ್ತರಿಸಬೇಕು. ಅದು ಆಗದ ಮಾತು ಎಂದುಕೊಂಡ ಕೇವ್, ನಿರ್ದೇಶಕ ಆಂಡ್ರೂ ಡೊಮಿನಿಕ್ ಕೈಯಲ್ಲಿ ಒಂದು ಕಪ್ಪು–ಬಿಳುಪು ತ್ರೀಡಿ ಚಿತ್ರ ಮಾಡಿಸಿದ. ‘ಒನ್ ಮೋರ್ ಟೈಮ್ ವಿತ್ ಫೀಲಿಂಗ್’ ಚಿತ್ರಮಂದಿರಗಳಿಗೆ ಬಂದದ್ದು ಆಲ್ಬಂಗಿಂತ ಒಂದು ದಿನ ಮೊದಲು. ಚಿತ್ರದ ಬಹುಭಾಗ ಆ ಸಾವಿನ ಹೆಸರೆತ್ತದೆ ಅದರ ಸುತ್ತ ಸುತ್ತುತ್ತದೆ. ಕ್ಯಾಮೆರಾ ಕೈಕೊಡುತ್ತದೆ, ಮತ್ತೆ ಟೇಕ್ ತೆಗೆದುಕೊಳ್ಳುತ್ತಾರೆ, ಕೇವ್ ಕೋಟು ಸರಿಮಾಡಿಕೊಳ್ಳುತ್ತಾನೆ. ನಡುವೆ ಆತ ಆಡುವ ಒಂದು ಮಾತು ಈ ಪ್ರಕರಣದ ನಡುಗಂಬ. ಕಥೆಯ ಮೇಲೆ ತನಗೆ ಈಗ ನಂಬಿಕೆಯಿಲ್ಲ, ಬದುಕು ಆದಿ–ಮಧ್ಯ–ಅಂತ್ಯವಾಗಿ ಕೂರುವ ಕಥೆಯಲ್ಲ ಎನ್ನುತ್ತಾನೆ. ಮೂವತ್ತೈದು ವರ್ಷ ಕಥೆ ಹೇಳಿಯೇ ಅನ್ನ ತಿಂದವನು ಹೀಗೆ ಹೇಳಿದರೆ ಅದು ಬಡಗಿಯೊಬ್ಬ ಮರವನ್ನು ನಂಬುವುದಿಲ್ಲ ಎಂದಂತೆ.

ಹಾಗಾದರೆ ‘ಸ್ಕೆಲಿಟನ್ ಟ್ರೀ’ಯಲ್ಲಿ ನಾವು ಕೇಳುವ ಸಂಕಟ ಎಲ್ಲಿಯದು? ಪದಗಳು ಮೊದಲಿನವು, ಕೆಲವು ಆಮೇಲೆ ತಿದ್ದಿದವು. ಬದಲಾದದ್ದು ಮುಖ್ಯವಾಗಿ ದನಿ. ಲಯದ ಹಿಂದೆ ಬೀಳುವ, ಸ್ವರದ ಮೇಲೆ ಸರಿಯಾಗಿ ಕೂರಲಾರದ, ಸಾಲಿನ ತುದಿ ಮುಟ್ಟುವ ಮೊದಲೇ ದಣಿಯುವ ದನಿ. ಮೊದಲಿನ ಕೇವ್ ಆಗಿದ್ದರೆ ಅದನ್ನು ಇನ್ನೊಮ್ಮೆ ಹಾಡಿ ಸರಿಮಾಡುತ್ತಿದ್ದ ಅಂತ ನನ್ನ ಊಹೆ. ಇಲ್ಲಿ ಹಾಗೇ ಬಿಟ್ಟಿದ್ದಾರೆ. ಪಾತ್ರಕ್ಕೆಂದು ಹೊಲಿಸಿದ ಅಂಗಿಯನ್ನು ನಟನೇ ಮನೆಗೆ ತೊಟ್ಟುಹೋಗಬೇಕಾದ ಸ್ಥಿತಿ ಅದು.

ಹಾಡುಗಳು ಮುಂದಿನದನ್ನು ಮೊದಲೇ ತಿಳಿದಿರುತ್ತವೇನೋ ಎಂದು ಕೇವ್ ಆಮೇಲೆ ಹೇಳಿದ್ದುಂಟು. ನನಗೆ ಒಪ್ಪಿಗೆಯಿಲ್ಲ. ಮೂರು ದಶಕ ಬರೇ ಬೀಳುವವರು, ಮುಳುಗುವವರು, ಅಳುವವರು ಎಂದೇ ಬರೆದವನ ಸಾಲುಗಳಲ್ಲಿ ಯಾವ ದುರಂತಕ್ಕಾದರೂ ಹೊಂದುವ ಒಂದು ಸಿಕ್ಕೇ ಸಿಗುತ್ತದೆ. 1990ರ ‘ದ ವೀಪಿಂಗ್ ಸಾಂಗ್’ ಅಪ್ಪ–ಮಗನ ಸಂವಾದ. ಹೆಂಗಸರು ಯಾಕೆ ಅಳುತ್ತಿದ್ದಾರೆ, ಗಂಡಸರು ಯಾಕೆ, ಮಕ್ಕಳು ಯಾಕೆ ಎಂದು ಮಗ ಕೇಳುತ್ತ ಹೋಗುತ್ತಾನೆ. ಮಕ್ಕಳದು ಬರೀ ರಚ್ಚೆ, ನಿಜವಾದ ಅಳು ಇನ್ನು ಬರಬೇಕು ಎನ್ನುತ್ತಾನೆ ಅಪ್ಪ. 2015ರ ನಂತರ ಇದನ್ನು ಭವಿಷ್ಯವಾಣಿ ಎಂದು ಓದಬಹುದು. ಬರೆದಾಗ ಅದು ಒಂದು ಒಳ್ಳೆಯ ಸಾಲು, ಅಷ್ಟೇ. ಭವಿಷ್ಯ ಹುಡುಕುವುದು ಶೋಕದ ಚಾಳಿ, ಅಪ್ಪನಿಗೆ ಅದು ಕ್ಷಮ್ಯ. ಕೇಳುಗರಾದ ನಮಗೆ ಅಷ್ಟು ಅಲ್ಲ.

ಎಲ್ಲ ಬದಲಾವಣೆಯನ್ನೂ ಆ ಒಂದು ದಿನದ ಲೆಕ್ಕಕ್ಕೆ ಬರೆಯುವುದೂ ತಪ್ಪೇ. 2013ರ ‘ಪುಷ್ ದ ಸ್ಕೈ ಅವೇ’ಯಲ್ಲೇ ಗಿಟಾರಿನ ಅಬ್ಬರ ಇಳಿದಿತ್ತು. ಎಲ್ಲಿಸ್ ಮಾಡಿಕೊಂಡು ಬಂದ, ಒಂದೇ ತುಣುಕು ಮರುಕಳಿಸುವ ಲೂಪ್‌ಗಳು ಸುತ್ತುತ್ತಿದ್ದರೆ ಅದರ ಮೇಲೆ ಕೇವ್ ಪದಗಳನ್ನು ಹರಿಬಿಡುವ ಕ್ರಮ ಆಗಲೇ ಶುರುವಾಗಿತ್ತು. ಕಥೆಯ ಮನೆಗೆ ಬಿರುಕು ಮೊದಲೇ ಬಿಟ್ಟಿತ್ತು, 2015ರಲ್ಲಿ ಗೋಡೆ ಬಿತ್ತು.

2017ರ ಜನವರಿಯಲ್ಲಿ ತಂಡ ಆಸ್ಟ್ರೇಲಿಯಾದಿಂದ ಪ್ರವಾಸ ಶುರುಮಾಡಿತು. ಹಿಂದೆ ಪ್ರೇಕ್ಷಕರ ಮೇಲೆ ಎಗರಿ ಬೀಳುತ್ತಿದ್ದವನು ಈಗ ಅವರ ಕೈ ಹಿಡಿದು ನಿಲ್ಲತೊಡಗಿದ. ಮುಂದಿನ ವರ್ಷ ಇನ್ನೂ ವಿಚಿತ್ರವಾದದ್ದೊಂದು ಮಾಡಿದ. ಯಾರು ಬೇಕಾದರೂ ಏನು ಬೇಕಾದರೂ ಕೇಳಿ, ನಾನು ಉತ್ತರ ಬರೆಯುತ್ತೇನೆ ಎಂದ. 2018ರ ಸೆಪ್ಟೆಂಬರಿನಲ್ಲಿ ಶುರುವಾದ ಈ ಪತ್ರಮಾಲೆಗೆ ‘ದ ರೆಡ್ ಹ್ಯಾಂಡ್ ಫೈಲ್ಸ್’ ಎಂದು ಹೆಸರು. ಅದು 1994ರ ತನ್ನದೇ ಹಾಡು ‘ರೆಡ್ ರೈಟ್ ಹ್ಯಾಂಡ್’ನ ನೆನಪು. ಬರ್ಮಿಂಗ್‌ಹ್ಯಾಮ್ ಗೂಂಡಾಗಳ ‘ಪೀಕಿ ಬ್ಲೈಂಡರ್ಸ್’ ಧಾರಾವಾಹಿಯ ಶುರುವಿನಲ್ಲಿ ಗಂಟೆ ಬಾರಿಸಿಕೊಂಡು ಬರುವ ಹಾಡು ಅದೇ. ನಾನು ಆ ದನಿಯನ್ನು ಮೊದಲು ಕೇಳಿದ್ದೂ ಅಲ್ಲಿಯೇ. ಆ ಅಕ್ಟೋಬರಿನಲ್ಲಿ, ತೀರಿಹೋದವರು ಜೊತೆಗಿದ್ದಾರೆ ಅನಿಸುತ್ತದೆಯೇ ಎಂದು ಕೇಳಿದವರಿಗೆ ಆತ ಬರೆದ ಉತ್ತರ ಬಹಳ ಕೈ ದಾಟಿದೆ. ಪ್ರೀತಿಸಿದರೆ ದುಃಖಿಸಲೇಬೇಕು, ಒಪ್ಪಂದವೇ ಹಾಗೆ ಎನ್ನುವುದು ಅದರ ತಿರುಳು. ಆ ಪತ್ರದ ಗದ್ಯ ಅಲಂಕಾರವಿಲ್ಲದ್ದು. ‘ಮರ್ಡರ್ ಬ್ಯಾಲಡ್ಸ್’ ಬರೆದ ಕೈ ಇದೇನಾ ಅನಿಸುತ್ತದೆ.

ಈ ಪತ್ರಗಳಲ್ಲೇ ನನಗೂ ಕೇವ್‌ಗೂ ಒಂದು ಜಗಳವಿದೆ. 2023ರ ಜನವರಿಯಲ್ಲಿ ಒಬ್ಬ ಅಭಿಮಾನಿ ಚಾಟ್‌ಜಿಪಿಟಿಯಿಂದ ‘ನಿಕ್ ಕೇವ್ ಶೈಲಿಯ’ ಹಾಡು ಬರೆಸಿ ಕಳಿಸಿದ. ಅದನ್ನು ಕಂಡು ಆತ ಕೆಂಡವಾದ. ಹಾಡು ಸಂಕಟದಿಂದ ಹುಟ್ಟುತ್ತದೆ, ಯಂತ್ರಕ್ಕೆ ಸಂಕಟವಿಲ್ಲ ಎಂದು ವಾದಿಸಿದ. ಆ ಹಾಡು ಕಳಪೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ದ ಮರ್ಸಿ ಸೀಟ್’ ಬರೆಯಲು ಆತ ವಿದ್ಯುತ್ ಕುರ್ಚಿಯ ಮೇಲೆ ಕೂತಿರಲಿಲ್ಲ. ಕಚೇರಿಗೆ ಹೋಗಿ ಕೂತು ಬರೆದ ಮನುಷ್ಯ ಈಗ ನೋವೇ ಹಾಡಿನ ತಾಯಿ ಎನ್ನುತ್ತಿದ್ದಾನೆ. ಮಗನನ್ನು ಕಳೆದುಕೊಂಡವನ ಬಾಯಲ್ಲಿ ಈ ಮಾತು ಬರುವುದು ಸಹಜ, ಆದರೂ ಆತನ ಅರ್ಧ ಜೀವಮಾನದ ಕೆಲಸಕ್ಕೆ ಇದು ಹೊಂದುವುದಿಲ್ಲ.

ಸಾವಿಲ್ಲದ ಮನೆಯ ಸಾಸಿವೆ

ಮುಂದಿನ ಆಲ್ಬಂ ‘ಘೋಸ್ಟೀನ್’ ಬರುತ್ತಿದೆ ಎಂಬುದನ್ನು ಕೇವ್ 2019ರ ಸೆಪ್ಟೆಂಬರಿನಲ್ಲಿ ತಿಳಿಸಿದ್ದೂ ಅಭಿಮಾನಿಯೊಬ್ಬರ ಪ್ರಶ್ನೆಗೆ ಬರೆದ ಉತ್ತರದಲ್ಲೇ. ಎರಡು ಭಾಗ. ಮೊದಲ ಭಾಗದ ಹಾಡುಗಳು ಮಕ್ಕಳು, ಎರಡನೆಯ ಭಾಗದವು ಅವರ ತಂದೆತಾಯಿ ಎಂದು ಆತನೇ ವಿವರಿಸಿದ. ಮಗನ ಸಾವಿನ ನಂತರ ಬರೆದ ಮೊದಲ ಆಲ್ಬಂ ನಿಜವಾಗಿ ಇದು. ಶೋಕದ ಆಲ್ಬಂ ಹುಡುಕುವವರು ಇಲ್ಲಿಗೆ ಬರಬೇಕಿತ್ತು. ಡ್ರಮ್ ಇಲ್ಲವೆನ್ನುವಷ್ಟು ಕಡಿಮೆ. ಸಿಂಥಸೈಜರ್ ಮಂಜಿನ ಹಾಗೆ ಏಳುತ್ತದೆ, ನೆಲ ಮುಟ್ಟುವುದೇ ಇಲ್ಲ. ಕುದುರೆಗಳು, ಉರಿಯುವ ಮರಗಳು, ಮನೆಗೆ ಬರುತ್ತಿರುವ ರೈಲು. ವಿಚಿತ್ರವೆಂದರೆ, ಕತ್ತಲೆಯ ಹಾಡುಗಾರನೆಂದು ಹೆಸರಾದವನು ನಿಜವಾದ ಕತ್ತಲೆ ಹೊಕ್ಕ ಮೇಲೆ ಬರೆದದ್ದು ಬೆಳಕೇ ತುಂಬಿದ ಆಲ್ಬಂ.

ಆಮೇಲಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2021ರಲ್ಲಿ ಎಲ್ಲಿಸ್ ಜೊತೆ ‘ಕಾರ್ನೇಜ್’. 2022ರ ಮೇ ತಿಂಗಳಲ್ಲಿ ಇನ್ನೊಬ್ಬ ಮಗ ಜೆತ್ರೋ ಮೆಲ್ಬರ್ನಿನಲ್ಲಿ ತೀರಿಕೊಂಡ. ಅದೇ ವರ್ಷ ಪತ್ರಕರ್ತ ಶಾನ್ ಒ’ಹೇಗನ್ ಜೊತೆಗಿನ ದೀರ್ಘ ಸಂವಾದ ಪುಸ್ತಕವಾಯಿತು. 2024ರ ಆಗಸ್ಟ್ 30ರಂದು ‘ವೈಲ್ಡ್ ಗಾಡ್’ ಬಂದಾಗ ಡ್ರಮ್ಮು, ಮೇಳಗಾನ, ಗದ್ದಲ ಎಲ್ಲ ಮರಳಿದ್ದವು. ಅದರ ‘ಜಾಯ್’ ಹಾಡಿನಲ್ಲಿ ದೊಡ್ಡ ಬೂಟು ತೊಟ್ಟ ಹುಡುಗನ ಭೂತವೊಂದು ಬಂದು ಹಾಸಿಗೆಯ ಮೇಲೆ ಕೂರುತ್ತದೆ. ಅದನ್ನು ಬರೆಯಲು ಇನ್ನೊಂದು ಲೇಖನವೇ ಬೇಕು.

ನಾನು ಹಿಡಿದಿರುವ ಪ್ರಕರಣ ಮುಗಿಯುವುದು ‘ಘೋಸ್ಟೀನ್’ನ ಕಡೆಯ ಹಾಡು ‘ಹಾಲಿವುಡ್’ನಲ್ಲಿ. ಹದಿನಾಲ್ಕು ನಿಮಿಷದ ಹಾಡು. ಬಹಳ ಹೊತ್ತು ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಅಲೆದಾಡುತ್ತದೆ, ಕಾಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ದನಿ ಎತ್ತರದ ಶ್ರುತಿಗೆ ಏರಿ ಹೆಂಗಸಿನ ದನಿಯಷ್ಟು ತೆಳ್ಳಗಾಗಿ ಒಂದು ಕಥೆ ಹೇಳತೊಡಗುತ್ತದೆ. ಹೌದು, ಕಥೆ. ನಂಬಿಕೆ ಹೋಯಿತು ಎಂದವನ ಬಾಯಲ್ಲಿ ಮತ್ತೆ ಆದಿ–ಮಧ್ಯ–ಅಂತ್ಯವುಳ್ಳ ಕಥೆ. ಅದು ನಮ್ಮ ಕಿಸಾಗೌತಮಿಯ ಕಥೆ.

ಮೊದಲ ಸಲ ಕೇಳಿದಾಗ ಹೆಡ್‌ಫೋನ್ ತೆಗೆದು ಕೆಳಗಿಟ್ಟೆ. ‘ಸಾವಿಲ್ಲದ ಮನೆಯ ಸಾಸಿವೆ’ ಎಂಬುದು ನಮ್ಮಲ್ಲಿ ಬಾಯಿಮಾತೇ ಆಗಿಹೋಗಿದೆ. ಸಾವಿನ ಮನೆಗೆ ಬಂದ ಹಿರಿಯರು ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ಎಷ್ಟು ಸವೆದಿದೆಯೆಂದರೆ ಈಗ ಅದು ಯಾರಿಗೂ ಕೇಳಿಸುವುದೇ ಇಲ್ಲ. ಕೇವ್ ಅದನ್ನು ಮಗುವಿಗೆ ಹೇಳುವಷ್ಟು ಸರಳವಾಗಿ ಹಾಡುತ್ತಾನೆ. ಕಿಸಾಳ ಮಗು ಸತ್ತಿದೆ, ಆಕೆ ಮಾತ್ರ ಕಾಯಿಲೆ ಎನ್ನುತ್ತಾಳೆ. ಬೇಗ ಕಾಡಿನಲ್ಲಿ ಹೂಳು ಎನ್ನುತ್ತಾರೆ ಊರವರು. ಬುದ್ಧ ಸಾಸಿವೆ ತಾ ಎನ್ನುತ್ತಾನೆ. ಮನೆ ಮನೆ ಅಲೆಯುತ್ತಾಳೆ, ಒಂದು ಕಾಳೂ ಸಿಗುವುದಿಲ್ಲ.

ನಮ್ಮ ಪಾಠದಲ್ಲಿ ಆಮೇಲೆ ಆಕೆಗೆ ಜ್ಞಾನೋದಯವಾಗುತ್ತದೆ, ಬುದ್ಧನ ಬಳಿಗೆ ಮರಳಿ ಭಿಕ್ಷುಣಿಯಾಗುತ್ತಾಳೆ. ಕೇವ್ ಅಲ್ಲಿಯವರೆಗೆ ಹೋಗುವುದಿಲ್ಲ. ಆತನ ಕಿಸಾ ಊರ ನಡುವಿನ ಚೌಕದಲ್ಲಿ ಕೂತು ಮಗುವನ್ನು ತಬ್ಬಿಕೊಂಡು ಅಳುತ್ತಾಳೆ, ಎಲ್ಲರೂ ಯಾರನ್ನಾದರೂ ಕಳೆದುಕೊಳ್ಳುತ್ತಲೇ ಇರುತ್ತಾರೆ ಎನ್ನುತ್ತಾಳೆ, ಎದ್ದು ಕಾಡಿಗೆ ಹೋಗಿ ಮಗುವನ್ನು ಹೂಳುತ್ತಾಳೆ. ಬುದ್ಧನ ಬಳಿಗೆ ಮರಳುವುದಿಲ್ಲ. ಹಾಡು ಅವಳನ್ನು ಕಾಡಿನಲ್ಲೇ ಬಿಟ್ಟು ಮತ್ತೆ ಕಾಯುವಿಕೆಗೆ ಮರಳುತ್ತದೆ. ಮನಶ್ಶಾಂತಿಯ ದಾರಿ ದೂರವಿದೆ, ಅದು ಬರಲೆಂದು ಕಾಯುತ್ತಿದ್ದೇನೆ ಎಂದು ಅದೇ ತೆಳ್ಳಗಿನ ದನಿ ಎರಡು ಮೂರು ಸಲ ಹೇಳುತ್ತದೆ.